ಪ್ಲಾಸ್ಟಿಕ್ ಜಿಂಕೆಯೂ ಕೆಂಚಿಯ ಮಮತೆಯೂ

ಬೇತಮಂಗಲದ ಸುತ್ತಮುತ್ತ ಯಾರ ಮನೆಯ ಮುಂದೂ ಇಲ್ಲದ ವೈಭವವನ್ನು ನನ್ನ ಮನೆಯ ಮುಂದೆ ನಿಲ್ಲಿಸಿಯೇ ಸಿದ್ಧ ಎಂದು ಹೋದ ತಿಂಗಳು ಪಣ ತೊಟ್ಟೆ. ವೈಭವ ಎಂದರೆ ಬೇರೇನಲ್ಲ, ಒಂದು ಪ್ಲಾಸ್ಟಿಕ್ ಜಿಂಕೆ!

ನಗಬೇಡಿ. ಇದು ಹಳೆಯ ಆಸೆ. ನನಗಾಗ ಏಳು ವರ್ಷ. ಅಪ್ಪ ಸೈಕಲ್ಲಿಗೆ ಕ್ಯಾನು ಕಟ್ಟಿಕೊಂಡು ಕೆ.ಜಿ.ಎಫ್.ನ ಗಣಿ ಆಫೀಸರರೊಬ್ಬರ ಬಂಗಲೆಗೆ ಹಾಲು ಹಾಕುತ್ತಿದ್ದರು. ಮುಂದಿನ ಬಾರಿನ ಮೇಲೆ ನಾನು. ಆ ಬಂಗಲೆಯ ಹುಲ್ಲಿನ ಮೇಲೆ ಒಂದು ಪ್ಲಾಸ್ಟಿಕ್ ಜಿಂಕೆ ನಿಂತಿರುತ್ತಿತ್ತು. ಕಿತ್ತಳೆ ಮೈ, ರೂಪಾಯಿಯಗಲದ ಬಿಳಿ ಚುಕ್ಕೆ, ಲಿಪ್‌ಸ್ಟಿಕ್ ಬಳಿದ ತುಟಿ. ಯಾವ ಕಾಡಿನಲ್ಲೂ ಅಂಥ ಜಿಂಕೆ ಹುಟ್ಟಿರಲಾರದು. ಆದರೂ ನಾನು ಗೇಟು ಹಿಡಿದು ಬಾಯಿ ಬಿಟ್ಟುಕೊಂಡು ನಿಲ್ಲುತ್ತಿದ್ದೆ. ಗಣಿ ಮುಚ್ಚಿತು, ಬಂಗಲೆ ಪಾಳು ಬಿತ್ತು, ಅಪ್ಪನೂ ಹೋದರು. ಆ ಜಿಂಕೆಯನ್ನು ನೆನೆದರೆ ನನಗೆ ಈಗಲೂ ಎದೆ ತುಂಬಿ ಬರುತ್ತದೆ.

ಅಂಥದ್ದೇ ಒಂದು ಆಂಡರ್ಸನ್‌ಪೇಟೆಯ ಗುಜರಿ ಅಂಗಡಿಯಲ್ಲಿ ಸಿಕ್ಕಿಬಿಟ್ಟಿತು! ಕಾಲು ನಾಲ್ಕೂ ಇದ್ದವು, ಕಿವಿ ಮಾತ್ರ ಒಂದೇ. ಬಸ್ಸಿನಲ್ಲಿ ತೊಡೆಯ ಮೇಲೆ ಕೂರಿಸಿಕೊಂಡು ತಂದೆ. ಟಿಕೆಟ್ ಒಂದಾ, ಒಂದೂವರೆಯಾ ಎಂದು ಕಂಡಕ್ಟರ್ ಕೇಳಿದ.

ಹೆಂಡತಿ ಇಂದ್ರಾಣಿ ಜಿಂಕೆಯನ್ನು ನೋಡಿದಳು, ನನ್ನನ್ನು ನೋಡಿದಳು.

"ಕೆಂಚಿ ಆಲು ಇಳುಸ್ತಿಲ್ಲ ಅಂತ ನಾನು ತಲೆ ಚಚ್ಕಂತಾ ಇದ್ರೆ, ನೀವು ಬೊಂಬೆ ತತ್ತೀರಾ?"

ಕೆಂಚಿ ನಮ್ಮ ಸೀಮೆ ಹಸು. ಕರು ಸತ್ತು ವಾರವಾಗಿತ್ತು. ಕೆಚ್ಚಲಿಗೆ ಕೈ ಹಾಕಿದವರನ್ನೆಲ್ಲ ಒದೆಯುತ್ತಿದ್ದಳು. ಹಿಂದಿನವರು ಸತ್ತ ಕರುವಿನ ಚರ್ಮಕ್ಕೆ ಹುಲ್ಲು ತುಂಬಿ ಹಸುವಿನ ಮುಂದೆ ನಿಲ್ಲಿಸಿ ಹಾಲು ಕರೆಯುತ್ತಿದ್ದರಂತೆ, ಹಾಗೆ ಮಾಡಬೇಕಿತ್ತು ಎಂದು ನನ್ನ ತಾಯಿ ಮುನಿನಾರಾಯಣಮ್ಮ ದಿನಾ ಗೊಣಗುತ್ತಿದ್ದರು. ಆದರೆ ಕರುವನ್ನು ಹೂತಾಗಿತ್ತು. ನನಗೆ ಇದ್ಯಾವುದೂ ತಲೆಗೆ ಹೋಗಲಿಲ್ಲ. ಮರುದಿನ ಕೆಲಸಕ್ಕೆ ಹೋಗಲು ಬಂಗಾರಪೇಟೆಯಲ್ಲಿ ರೈಲು ಹತ್ತಿದವನೇ ಆಫೀಸಿನ ಗೆಳೆಯ ಸುಬ್ರಮಣಿಗೆ ಕೊಚ್ಚಿಕೊಂಡೆ. ಭಾನುವಾರ ಸಂಸಾರ ಸಮೇತ ಬಾ, ಬಂಗಲೆಯಂಥ ಅಂಗಳ ತೋರಿಸುತ್ತೇನೆ, ಫೋಟೊ ತೆಗೆದುಕೊಳ್ಳುವಿಯಂತೆ ಎಂದೆ. ಡಬ್ಬಿಯಲ್ಲಿದ್ದವರೆಲ್ಲ ಕೇಳಿಸಿಕೊಂಡರು. ಇನ್ನು ಜಿಂಕೆ ಅಂಗಳದಲ್ಲಿ ಇಲ್ಲದಿದ್ದರೆ ನಾನು ಆ ರೈಲು ಹತ್ತುವಂತಿರಲಿಲ್ಲ.

ಇಬ್ಬನಿಗೆ ಬಣ್ಣ ಹೋದೀತೆಂದು ಸಂಜೆ ಕೊಟ್ಟಿಗೆಯಿಂದ ಒಂದು ಗೋಣಿತಾಟು ತಂದು ಜಿಂಕೆಗೆ ಹೊದಿಸಿದೆ. ಅದು ಸತ್ತ ಕರು ಮಲಗುತ್ತಿದ್ದ ತಾಟು ಎಂದು ನನಗೇನು ಗೊತ್ತು! ಎರಡು ದಿನ ಕಳೆದು ಬೆಳಿಗ್ಗೆ ಎದ್ದು ನೋಡುತ್ತೇನೆ, ಕೆಂಚಿ ಹಗ್ಗ ಕಿತ್ತುಕೊಂಡು ಅಂಗಳಕ್ಕೆ ಬಂದು ಜಿಂಕೆಯನ್ನು ತಲೆಯಿಂದ ಬಾಲದವರೆಗೆ ನೆಕ್ಕುತ್ತಿದ್ದಾಳೆ. ಕೆಚ್ಚಲಿನಿಂದ ಹಾಲು ತಾನಾಗಿ ತೊಟ್ಟಿಕ್ಕುತ್ತಿದೆ! ಇಂದ್ರಾಣಿ ಬಕೆಟ್ ಹಿಡಿದು ಓಡಿಬಂದು ಅಲ್ಲೇ ಕೂತು ಕರೆದಳು.

"ಕರು ವಾಸ್ನೆ ಕಣ್ಲಾ ನಾಗೇಶ. ಎತ್ಕಂಡೋಗಿ ಕೊಟ್ಗೇಲಿ ನಿಲ್ಸು," ಎಂದರು ಅಮ್ಮ.

ನನ್ನ ಬಾಲ್ಯದ ಕನಸು ಹೀಗೆ ತಾಟು ಹೊದ್ದು ಕೊಟ್ಟಿಗೆ ಸೇರಿತು. ಅದು ಕಲೆ, ಅದು ಪರಂಪರೆ ಎಂದೆಲ್ಲ ವಾದಿಸಿದೆ. ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಶನಿವಾರದ ಹೊತ್ತಿಗೆ ಕೆಂಚಿಯ ಒರಟು ನಾಲಿಗೆಗೆ ತಾಟು ಜಾರಿದ ಎಡಗಡೆಯ ಚುಕ್ಕೆಗಳು ಮಾಸಿದ್ದವು. ಬಲಗಡೆ ಇನ್ನೂ ಮಾನ ಉಳಿದಿತ್ತು.

ಭಾನುವಾರ ಸಂಜೆ, ಸರಿಯಾಗಿ ಹಾಲು ಕರೆಯುವ ಹೊತ್ತಿಗೆ ಸುಬ್ರಮಣಿ, ಹೆಂಡತಿ ರೂಪ, ಮಗಳು ನವ್ಯ ಬಂದಿಳಿದರು. ನಾನು ಕೊಟ್ಟಿಗೆಗೆ ಓಡಿ, ತಾಟನ್ನು ಕಿತ್ತೆಸೆದು, ಜಿಂಕೆಯನ್ನು ಎತ್ತಿಕೊಂಡು ಹಿತ್ತಲಿನಿಂದ ಸುತ್ತಿ ಬಂದು ಬಲಗಡೆ ಕಾಣುವ ಹಾಗೆ ನಿಲ್ಲಿಸಿದೆ. ಆಹಾ, ಎಷ್ಟು ಚೆನ್ನಾಗಿದೆ ಎಂದರು! ನನ್ನ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಅಷ್ಟರಲ್ಲಿ ಕೊಟ್ಟಿಗೆಯಲ್ಲಿ ಕೆಂಚಿ ಊರಿಗೆಲ್ಲ ಕೇಳುವಂತೆ ಅಂಬಾ ಎಂದಳು. ಬಕೆಟ್ ಉರುಳಿದ ಸದ್ದು ಬಂತು. ನೆಂಟರಿಗೆ ಕಾಫಿ ಕೊಡಿ ಎಂದು ಅಮ್ಮನಿಗೆ ಹೇಳಿ ಕೊಟ್ಟಿಗೆಗೆ ಓಡಿದೆ.

ಇಂದ್ರಾಣಿ ಕೂಗಾಡಲಿಲ್ಲ. ಡೇರಿ ಇನ್ನು ಅರ್ಧ ಗಂಟೆಗೆ ಮುಚ್ಚುತ್ತದೆ ಎಂದಷ್ಟೇ ಹೇಳಿ ತಾಟನ್ನು ನನ್ನತ್ತ ಚಾಚಿದಳು.

"ಜಿಂಕೆ ಅಲ್ಲೇ ಇರ್ಲಿ. ವಾಸ್ನೆ ಇರೋದು ಇದ್ರಲ್ಲಿ. ಮೈಗೆ ಸುತ್ಕಂಡು ಬಗ್ಗಿ ನಿಂತ್ಕಳಿ."

ಮರ್ಯಾದೆ ಉಳಿಸಿಕೊಳ್ಳಲು ಬೇರೆ ದಾರಿ ಇರಲಿಲ್ಲ. ತಾಟು ಸುತ್ತಿಕೊಂಡು ಕೆಂಚಿಯ ಮುಂದೆ ನಾಲ್ಕು ಕಾಲಿನಲ್ಲಿ ನಿಂತೆ. ಅವಳು ಒಮ್ಮೆ ಮೂಸಿದಳು, ನಿಟ್ಟುಸಿರು ಬಿಟ್ಟಳು, ಕತ್ತಿನಿಂದ ಶುರುಮಾಡಿ ನೆತ್ತಿಗೆ ಬಂದಳು. ಭಾನುವಾರಕ್ಕೆಂದೇ ಹಚ್ಚಿಕೊಂಡಿದ್ದ ತಲೆಯ ಡೈ ಎರಡು ಸುತ್ತಿಗೆ ಹೋಯಿತು! ಹೊರಗೆ ಜಿಂಕೆಯ ಪಕ್ಕ ನಿಂತು ಎಲ್ಲರೂ ನಗುತ್ತಾ ಫೋಟೊ ತೆಗೆಸಿಕೊಳ್ಳುತ್ತಿದ್ದರು. ಮನೆ ಯಜಮಾನರೆಲ್ಲಿ ಎಂದು ರೂಪ ಕೇಳಿದ್ದೂ, ಕೊಟ್ಟಿಗೆಯಲ್ಲಿ ಸ್ವಲ್ಪ ಕೆಲಸವಂತೆ ಎಂದು ಅಮ್ಮ ಹೇಳಿದ್ದೂ ನನಗೆ ಕೇಳಿಸಿತು.

ಕರೆದು ಮುಗಿಸಿ ಇಂದ್ರಾಣಿ ಬಕೆಟ್ ಎತ್ತಿ ನೋಡಿದಳು. ನೊರೆ ಅಂಚು ದಾಟಿತ್ತು. ಮದುವೆಯಾದ ಇಪ್ಪತ್ತೆರಡು ವರ್ಷದಲ್ಲಿ ಅವಳು ನನ್ನನ್ನು ಅಷ್ಟು ಮೆಚ್ಚುಗೆಯಿಂದ ನೋಡಿದ್ದು ಅದೇ ಮೊದಲು.

"ನಿಮ್ ಜಿಂಕೆ ಇನ್ಮೇಲೆ ಅಂಗಳದಾಗೇ ಇರ್ಲಿ," ಎಂದಳು. "ಬೆಳಿಗ್ಗೆ ಐದಕ್ಕೆ ನೀವೇ ಬಂದ್ಬುಡಿ. ಬೊಂಬೆಗಿಂತ ನಿಮಗೇ ಜಾಸ್ತಿ ಇಳುಸ್ತಾಳೆ."