ಬೀಳ್ಕೊಡುಗೆಯ ಚಿಕಿತ್ಸೆ

ನನ್ನ ಅತ್ತೆ ಮಹಾಲಿಂಗಮ್ಮನವರ ಸೊಂಟದ ಕೀಲು ಬದಲಾದಂದಿನಿಂದ ನಾನೊಂದು ರಿಜಿಸ್ಟರು ಇಟ್ಟಿದ್ದೇನೆ. ಕಾಲಿನಲ್ಲಿ ರಕ್ತ ಹೆಪ್ಪುಗಟ್ಟಿ ಶ್ವಾಸಕೋಶಕ್ಕೇರಿದರೆ ಪ್ರಾಣಕ್ಕೇ ಎರವಾದೀತೆಂದು ಡಾಕ್ಟರು ಎಚ್ಚರಿಸಿದ್ದರು. ದಿನಕ್ಕೊಂದು ಚುಚ್ಚುಮದ್ದು, ಬಿಗಿಯಾದ ಕಾಲುಚೀಲ, ಗಂಟೆಗೊಮ್ಮೆ ವಾಕರ್ ಹಿಡಿದು ನಡಿಗೆ. ಇದಕ್ಕಿರುವ ಏಕೈಕ ವಿಘ್ನ ಊಟಿ ಬಳಿಯ ನಮ್ಮೂರು ಇತ್ತಲಾರಿನ ಜನರ ಪ್ರೀತಿ ಎಂಬುದು ನನ್ನ ಸಂಶೋಧನೆ. ಇಲ್ಲಿ ಒಬ್ಬರು ಮಲಗಿದರೆ ಹಟ್ಟಿಗೆ ಹಟ್ಟಿಯೇ ನೋಡಲು ಬರುತ್ತದೆ; ಹರಟೆಯ ನಡುವೆ ನಡಿಗೆಗೆ ಬಿಡುವೆಲ್ಲಿ? ಆದ್ದರಿಂದ ಅತ್ತೆ ಆಸ್ಪತ್ರೆಯಿಂದ ಮನೆಗೆ ಬಂದ ವಾರಕ್ಕೆ ಗೇಟಿಗೆ ಫಲಕ ತೂಗುಹಾಕಿದೆ: ‘ರೋಗಿಯನ್ನು ನೋಡಲು ಬರಬಾರದು.’

“ಊರನ್ನೇ ಬೇಡ ಅಂದ್ರೆ ನಾಳೆ ನಮ್ಮನೆಗೆ ಯಾರು ಬರ್ತಾರೆ?” ಎಂದಳು ಹೆಂಡತಿ ರಂಜಿತಾ.

“ರಕ್ತ ಹೆಪ್ಪುಗಟ್ಟದಿದ್ರೆ ಸಾಕು,” ಎಂದೆ. (ಇದನ್ನೂ ಬರೆದಿಟ್ಟೆ.)

ಅಲ್ಲಿಂದ ಗಂಟೆಗೊಮ್ಮೆ ಪಕ್ಕದ ಕೋಣೆಯಿಂದ “ಮಾಮಿ, ನಡೀರಿ” ಎನ್ನುತ್ತಿದ್ದೆ. “ಆಗ್ಲಿ” ಎಂಬ ಉತ್ತರ ಬರುತ್ತಿತ್ತು. ದಾಖಲಿಸುತ್ತಿದ್ದೆ.

ಫಲಕ ಹಾಕಿದ ನಾಲ್ಕನೆಯ ದಿನ ಚುಚ್ಚುಮದ್ದು ಹಾಕಲು ಬಂದ ನರ್ಸ್ ತೇನ್ಮೊಳಿ, “ಸಾರ್, ಎಡಗಾಲು ಊದಿದೆ. ಈಗಲೇ ಊಟಿ ಆಸ್ಪತ್ರೆಗೆ ಹೊರಡಿ,” ಎಂದಳು. ಸ್ಕ್ಯಾನ್ ಮುಗಿಯುವ ತನಕ ನಾನು ಒಂದಕ್ಷರವನ್ನೂ ಬರೆಯಲಿಲ್ಲ. ದೇವರ ದಯೆ, ಹೆಪ್ಪು ಇರಲಿಲ್ಲ.

ಡಾಕ್ಟರು ನನ್ನ ರಿಜಿಸ್ಟರನ್ನು ತಿರುವಿದರು. “ನೀವು ಹೇಳಿದ್ದೆಲ್ಲ ಇದೆ. ಅಮ್ಮ ನಡೆದದ್ದು ಯಾವ ಪುಟದಲ್ಲಿದೆ?”

“ಮುಂಚೆ ನಡೀತಿದ್ದೆ ಡಾಕ್ಟ್ರೇ,” ಎಂದರು ಅತ್ತೆ. “ನೋಡೋಕೆ ಬಂದವರನ್ನ ಗೇಟಿನ ತನಕ ಬಿಟ್ಟು ಬರೋದು ಬೇಡವಾ? ದಿನಕ್ಕೆ ಹತ್ತು ಸಲ ಹೋಗ್ತಿದ್ದೆ. ಮಾಪಿಳ್ಳೆ, ಈ ನಮ್ಮ ಅಳಿಯಂದಿರು, ಬೋರ್ಡ್ ಹಾಕಿದ್ರು, ಜನ ಬರೋದು ನಿಂತೋಯ್ತು. ಸುಮ್ಮನೆ ಗೇಟಿಗೆ ಹೋಗಿ ಬರೋಕೆ ಎನಗೇನು ಹುಚ್ಚಾ?”

“ಗಂಟೆಗೊಬ್ಬರು ಬರಲಿ,” ಎಂದು ಡಾಕ್ಟರು ಚೀಟಿಯಲ್ಲಿ ಬರೆದರು, ಮಾತ್ರೆ ಬರೆದಂತೆಯೇ.

ಫಲಕ ತೆಗೆದೆ. ಆದರೆ ಇತ್ತಲಾರು ಸ್ವಾಭಿಮಾನಿ ಊರು. ಮನೆಮನೆಗೆ ಹೋಗಿ ಕೈಮುಗಿದೆ. “ನೋಡೋಣ” ಎಂದರು, ಯಾರೂ ಬರಲಿಲ್ಲ.

ಗತ್ಯಂತರವಿಲ್ಲದೆ ನಿನ್ನೆಯಿಂದ ನಾನೇ ಹಿಂಬಾಗಿಲಿನಿಂದ ಹೊರಟು, ಮನೆಗೆ ಸುತ್ತುಹಾಕಿ, ಮುಂಬಾಗಿಲಲ್ಲಿ ಚಪ್ಪಲಿ ಬಿಟ್ಟು ಒಳಬರುತ್ತಿದ್ದೇನೆ. ಅತ್ತೆಯ ಮುಂದೆ ತಲೆಬಾಗುತ್ತೇನೆ. ಅವರು ನೆತ್ತಿ ಮುಟ್ಟಿ ಹರಸುತ್ತಾರೆ. ಆರೋಗ್ಯ ವಿಚಾರಿಸುತ್ತೇನೆ. ರಂಜಿತಾ ಟೀ ಕೊಡುತ್ತಾಳೆ. (ಮುಖದಲ್ಲಿ ನಗುವಿಲ್ಲ. ನಕ್ಕರೆ ಅತ್ತೆ ಏಳುವುದಿಲ್ಲ.) “ಬರ್ತೀನಿ” ಎಂದಾಗ ಅವರು ವಾಕರ್ ಹಿಡಿದು ಗೇಟಿನವರೆಗೆ ಬಂದು ಬೀಳ್ಕೊಡುತ್ತಾರೆ.

ಇಂದು ಒಂಬತ್ತು ಬಾರಿ ನನ್ನ ಮನೆಗೆ ನೆಂಟನಾಗಿ ಹೋದೆ. ಕಾಲಿನ ಊತ ಇಳಿದಿದೆ. ಒಂಬತ್ತನೆಯ ಬಾರಿ ಗೇಟಿನಲ್ಲಿ ಅತ್ತೆ ದನಿ ತಗ್ಗಿಸಿ ನುಡಿದರು:

“ನಾಳೆಯಿಂದ ಬರಿಗೈಲಿ ಬರಬೇಡಿ. ನೋಡಿದವರು ಏನಂತಾರೆ?”