ನೋಡಿ ಬರೆದ ಸೊನ್ನೆ

ನಾನು ಹುಲಿಗೆ ಹೆದರುವವನಲ್ಲ, ಏಕೆಂದರೆ ಹುಲಿಯ ಕೈಕೆಳಗೆ ಕೆಲಸ ಮಾಡಿಲ್ಲ. ನಾನು ಹೆದರುವುದು ಹೊಸ ಬೂಟಿನ ಸದ್ದಿಗೆ. ಎಲ್ಲಾದರೂ ಕಿರ್ ಕಿರ್ ಎಂದರೆ ಸಾಕು, ಇವತ್ತಿಗೂ ಎದ್ದು ನಿಲ್ಲುತ್ತೇನೆ. ಮದುವೆಯ ಪಂಕ್ತಿಯಲ್ಲೂ ಹೀಗೆ ಎದ್ದು ನಿಂತು, "ಇನ್ನೂ ಹೋಳಿಗಿ ಬಂದಿಲ್ರೀ, ಕೂಡ್ರಿ" ಅನ್ನಿಸಿಕೊಂಡವನು ನಾನು. ಆಳುವ ಸಾಹೇಬರು ಬೇರೆ, ಮುಂದೆ ನಿಂತು ನಡೆಸುವ ಹಿರಿಯರು ಬೇರೆ ಎಂದು ಬಲ್ಲವರು ಹೇಳುತ್ತಾರೆ. ನನಗೆ ಆ ವ್ಯತ್ಯಾಸ ಕಲಿಸಿದ್ದು ದೇವದುರ್ಗದ ಕಚೇರಿಯ ಅಂಗಳದಲ್ಲಿದ್ದ ಒಂದು ಮಳೆಮಾಪಕ.

ಎಪ್ಪತ್ತರ ದಶಕದ ಮಾತು. ನಾನಾಗ ಅಲ್ಲಿ ಟೆಂಪರರಿ ಗುಮಾಸ್ತ. ದಿನಾ ಬೆಳಿಗ್ಗೆ ಎಂಟೂವರೆಗೆ ಮಳೆಮಾಪಕದಲ್ಲಿ ನೀರೆಷ್ಟಿದೆಯೆಂದು ಅಳೆದು ರಾಯಚೂರಿಗೆ ತಂತಿ ಕಳಿಸುವುದು ನನ್ನ ಕೆಲಸ. ತಂತಿಯ ಫಾರಮ್ಮು ಒಂಬತ್ತಕ್ಕೆ ಅಂಚೆ ಕಚೇರಿ ಮುಟ್ಟದಿದ್ದರೆ ನಮ್ಮ ಸಾಹೇಬರು ಕೈಗೆ ಸಿಕ್ಕ ರಿಜಿಸ್ಟರನ್ನು ನನ್ನತ್ತ ಎಸೆಯುತ್ತಿದ್ದರು. ಅವರ ಗುರಿ ಚೆನ್ನಾಗಿತ್ತು. ಅವರ ಬೂಟು ಕಿರ್ ಎಂದರೆ ಸಾಕು, ನಾನು ಎದ್ದು ನಿಲ್ಲುತ್ತಿದ್ದೆ. ಕೊನೆಗೆ ನಮ್ಮ ಕಡೆಯ ಆಕಾಶವನ್ನು ನಂಬಿ ಒಂದು ಉಪಾಯ ಮಾಡಿದೆ. ಸೋಮವಾರವೇ ಕೂತು ಇಡೀ ವಾರದ ಫಾರಮ್ಮುಗಳಿಗೆ 'ಮಳೆ: ಸೊನ್ನೆ' ಎಂದು ಬರೆದು, ಸಾಹೇಬರು ಓದದೆ ಸಹಿ ಹಾಕುವ ಕಾಗದಗಳ ಮಧ್ಯೆ ತೂರಿಸಿ, ಸಹಿಯಾದ ಮೇಲೆ ಡ್ರಾವರಿನಲ್ಲಿ ಇಡತೊಡಗಿದೆ. ಜವಾನ ಹನುಮಪ್ಪ ದಿನಕ್ಕೊಂದನ್ನು ಒಯ್ದು ಕೊಡುತ್ತಿದ್ದ. ನಾಲ್ಕು ತಿಂಗಳು ಆಕಾಶವೂ ನನ್ನ ಮಾತು ಮೀರಲಿಲ್ಲ.

ಒಂದು ಗುರುವಾರ ನಸುಕಿನಲ್ಲಿ ಮಳೆ ಹಿಡಿಯಿತು. ನಮ್ಮ ಮಾಳಿಗೆ ಸೋರಿ, ನಾನು ಪಾತೇಲಿ, ಚರಿಗೆ, ಕೊನೆಗೆ ಹೆಂಡತಿಯ ತವರಿನ ಹಿತ್ತಾಳೆ ಕೊಡವನ್ನೂ ಹನಿಗೆ ಇಡುತ್ತ ಮನೆಯಲ್ಲೇ ಉಳಿದೆ. ಕಚೇರಿಗೆ ಓಡುವಷ್ಟರಲ್ಲಿ ಹನುಮಪ್ಪ ತಲೆಯ ಮೇಲೆ ಗೋಣಿಚೀಲ ಹೊದ್ದು, ತೊಪ್ಪೆಯಾಗಿ ತೊಯ್ದು, 'ಮಳೆ: ಸೊನ್ನೆ' ಕೊಟ್ಟು ಬಂದಿದ್ದ. ಅದೇ ಹೊತ್ತಿಗೆ ಸಾಹೇಬರೂ ತಮ್ಮದೊಂದು ತಂತಿ ಕಳಿಸಿದ್ದರು: 'ಭಾರೀ ಮಳೆ, ಹಳ್ಳ ಬಂದಿದೆ, ಮೀಟಿಂಗಿಗೆ ಬರಲಾರೆ.' ಎರಡೂ ರಾಯಚೂರಿನ ದೊಡ್ಡ ಸಾಹೇಬರ ಮೇಜಿಗೆ ಕೂಡಿಯೇ ಮುಟ್ಟಿದವು.

ಸೋಮವಾರ ಕರೆ ಬಂತು. ಸಾಹೇಬರು ಜೀಪಿನಲ್ಲಿ ಹೋದರು. ನಾನು, ನಮ್ಮ ಹೆಡ್ ಕ್ಲಾರ್ಕ್ ಮೈನುದ್ದೀನ್ ಸಾಬರು ಬಸ್ಸಿನಲ್ಲಿ. ರಾಯಚೂರಿನಲ್ಲಿ ಇಳಿದ ಕೂಡಲೇ ಸಾಬರು ಮಿರ್ಚಿ ಭಜಿ ಕೊಡಿಸಿದರು. ಅದರ ಖಾರವೂ ನನ್ನ ನಾಲಿಗೆಗೆ ತಿಳಿಯಲಿಲ್ಲ. ಈ ನೌಕರಿ ಹೋದರೆ ಹಿತ್ತಾಳೆ ಕೊಡದ ಜೊತೆ ನಾನೂ ಹೆಂಡತಿಯ ತವರು ಸೇರಬೇಕಾಗುತ್ತದೆ ಎಂಬ ಭಯ.

"ಯಾರ ತಪ್ಪು ಇದು?" ಎಂದರು ದೊಡ್ಡ ಸಾಹೇಬರು. ನಮ್ಮ ಸಾಹೇಬರ ಬೆರಳು ಸರಕ್ಕನೆ ನನ್ನ ಕಡೆ ತಿರುಗಿತು.

"ಇವಂದೇರೀ ಸರ್. ಟೆಂಪರರಿ ಇದ್ದಾನ, ಇವತ್ತೇ ಮನಿಗೆ ಕಳಸ್ರಿ."

ಆಗ ಮೈನುದ್ದೀನ್ ಸಾಬರು ಒಂದು ಹೆಜ್ಜೆ ಮುಂದೆ ಬಂದರು. ಅವರಿಗೂ ಭಯವಿತ್ತು; ಕೈಯಲ್ಲಿದ್ದ ಕೊಡೆಯ ತುದಿ ನೆಲಕ್ಕೆ ಟಕಟಕ ಬಡಿಯುತ್ತಿತ್ತು.

"ಮಳಿ ಅಳಿಯೋದು ಇವರ ಕೆಲಸರೀ, ಖರೆ. ಅಳತಿ ಬರೋಬ್ಬರಿ ಅದನೋ ಇಲ್ಲೋ ನೋಡೋದು ನಂದು. ನಾ ನೋಡಲಿಲ್ಲ. ನನ್ನ ಹೆಸರು ಬರ್ಕೋರಿ."

ಹೊರಗೆ ಬಂದ ಮೇಲೆ ನಾನು ಅತ್ತೆ. ಸಾಬರು ಬೈಯಲಿಲ್ಲ. "ನಾಳಿ ಎಂಟೂವರಿಗೆ ಬರ್ರಿ, ಇಬ್ಬರೂ ಕೂಡಿ ಅಳಿಯೋಣು" ಎಂದರು. ಮರುದಿನ ಸುಡುಬಿಸಿಲು. ಅವರು ಮಳೆಮಾಪಕದೊಳಗೆ ಬಗ್ಗಿ ನೋಡಿ, "ಸೊನ್ನಿನೇ ಅದ. ಆದ್ರ ಇದು ನೋಡಿ ಬರದ ಸೊನ್ನಿ" ಎಂದರು. ಆ ತಿಂಗಳೇ ಅವರಿಗೆ ಎಚ್ಚರಿಕೆಯ ಪತ್ರ ಬಂತು, ಮಾನ್ವಿಗೆ ವರ್ಗವಾಯಿತು. ನಾನು ಕಾಯಂ ಆದೆ.

ಎಂಬತ್ತರ ದಶಕದಲ್ಲಿ, ಸಾಬರು ನಿವೃತ್ತರಾದ ಮೇಲೆ, ಮಾನ್ವಿಯ ಅದೇ ಕುರ್ಚಿಗೆ ನಾನು ಹೆಡ್ ಕ್ಲಾರ್ಕಾಗಿ ಹೋದೆ; ಅಲ್ಲಿ ತಂತಿಗಳಿಗೆ ಸಹಿ ಹಾಕುವುದೂ ನನ್ನ ಪಾಲಿಗೆ ಬಂತು. ಅವರ ಹಾಗೆಯೇ ಇರಬೇಕೆಂದು ನಿಶ್ಚಯಿಸಿ, ಹುದ್ದೆಗೆ ತಕ್ಕಂತಿರಲೆಂದು ಒಂದು ಜೊತೆ ಬೂಟನ್ನೂ ಕೊಂಡೆ. ಮೊದಲ ದಿನ ಅದರ ಸದ್ದಿಗೆ ನಾನೇ ಬೆಚ್ಚಿ ಹಿಂದೆ ತಿರುಗಿ ನೋಡಿದೆ. ಒಳಗೆ ಕಾಲಿಟ್ಟರೆ ಎಲ್ಲರೂ ಮಾತು ನಿಲ್ಲಿಸಿ ಎದ್ದು ನಿಲ್ಲುತ್ತಿದ್ದರು. ಗೌರವ ಎಂದುಕೊಂಡೆ.

ಒಂದು ಮಂಗಳವಾರ ಗುಂಡುಸೂಜಿ ಬೇಕಾಗಿ, ನನ್ನನ್ನು ಕಂಡು ಎದ್ದು ನಿಂತ ಗುಮಾಸ್ತೆ ಶಾಂತಮ್ಮನವರ ಕುರ್ಚಿಯಲ್ಲೇ ಕೂತು ಅವರ ಡ್ರಾವರು ಎಳೆದೆ. ಒಳಗೆ ಶನಿವಾರದವರೆಗಿನ ತಂತಿಯ ಫಾರಮ್ಮುಗಳಿದ್ದವು. ಎಲ್ಲದರಲ್ಲೂ 'ಮಳೆ: ಸೊನ್ನೆ'. ಕೆಳಗೆ ಸಹಿ. ಓದದೆ ಹಾಕಿದ ಸಹಿ, ನನ್ನದೇ.

"ಏನ್ರೀ ಶಾಂತಮ್ಮ ಇದು? ಯಾರಿಗಂಜಿ ಹಿಂಗ ಮಾಡೀರಿ?"

ಶಾಂತಮ್ಮ ತಲೆ ತಗ್ಗಿಸಿ ನನ್ನ ಬೂಟನ್ನೇ ನೋಡಿದರು. ನಾನು ಎರಡೂ ಕಾಲುಗಳನ್ನು ಮೆಲ್ಲಗೆ ಕುರ್ಚಿಯ ಕೆಳಗೆ ಎಳೆದುಕೊಂಡೆ. ಎಳೆದುಕೊಳ್ಳುವಾಗಲೂ ಅವು ಕಿರ್ ಅಂದವು.