ಫಿಕ್ರೆತ್ ಬೇ ಅವರನ್ನು ಕಾಯಿಸಿದ ರೈಲು ಗುತ್ತಿಗೆಯ ಬಗ್ಗೆ

ಹಣಕಾಸು ಇಲಾಖೆಯ ಶ್ರೀ ಕ್ರೂಡ್ಸನ್ ಹಾಗೂ ವಾಣಿಜ್ಯ ಇಲಾಖೆಯ ಶ್ರೀ ಫಾರಂಟ್ ಅವರ ಸನ್ನಿಧಾನಕ್ಕೆ, ಲಂಡನ್.

ಮಾನ್ಯರೇ,

ಥಾರ್ನ್‌ಬಿಯ ರೈಲುಗಾಡಿ ಕಾರ್ಖಾನೆಯ ಎದುರು ವಸತಿಗೃಹ ನಡೆಸುವ ಮಾಡ್ ಒಲೆರೆನ್‌ಶಾ ಎಂಬ ನಾನು, ತಮ್ಮ ಹಾಗೂ ತಮ್ಮ ಕಡತಗಳ ದೀರ್ಘಾಯುಷ್ಯವನ್ನು ಹಾರೈಸುತ್ತ ಈ ಬಹಿರಂಗ ಪತ್ರ ಬರೆಯುತ್ತಿದ್ದೇನೆ. ನಮ್ಮ ಸೋಫಾದಲ್ಲಿ ಕುಳಿತು ತಾವು ದೇಶದ ಹಿತವನ್ನು ಚಿಂತಿಸಿದ್ದನ್ನು ನೆನೆದರೆ ಇಂದಿಗೂ ಮೈ ಜುಮ್ಮೆನ್ನುತ್ತದೆ. ಸೋಫಾ ಅಂತೂ ಆ ಭಾರದಿಂದ ಇನ್ನೂ ಮೇಲೆದ್ದಿಲ್ಲ.

ತುರ್ಕಿಯ ರೈಲ್ವೆಗೆ ಬೋಗಿಗಳನ್ನು ಕೊಳ್ಳಲು ಬಂದಿದ್ದ ಇಂಜಿನಿಯರ್ ಫಿಕ್ರೆತ್ ಬೇ ಅವರನ್ನು ಕಾರ್ಖಾನೆಯವರು ನಮ್ಮಲ್ಲೇ ಇಳಿಸಿದ್ದರು. ಗುತ್ತಿಗೆ ಸಿಕ್ಕರೆ ಬಣ್ಣದ ವಿಭಾಗ ಉಳಿಯುತ್ತದೆ, ಇಲ್ಲವಾದರೆ ಬಾಗಿಲು ಹಾಕುತ್ತದೆ ಎಂಬುದು ಊರಿಗೆಲ್ಲ ತಿಳಿದಿತ್ತು. ನನ್ನ ಗಂಡ ವಾಲ್ಟರ್ ಆ ವಿಭಾಗದ ಮೇಸ್ತ್ರಿ. ಫಿಕ್ರೆತ್ ಬೇ ಕೇಳಿದ್ದು ಕಡಿಮೆ ಬಡ್ಡಿಯ ಸರ್ಕಾರಿ ಸಾಲ ಒಂದನ್ನೇ. ತಮ್ಮ ಬೋಗಿ ಕೊಂಡರೆ ಅಂಥದೇ ಸಾಲ ಕೊಡಲು ಫ್ರೆಂಚ್ ಸರ್ಕಾರ ಆಗಲೇ ಹೂಂ ಎಂದಿತ್ತು. ಹೂಂ ಎನ್ನಬೇಕೋ ಬೇಡವೋ ಎಂದು ಚರ್ಚಿಸಲು ತಾವಿಬ್ಬರೂ ದಯಮಾಡಿಸಿದಿರಿ.

ಎಂಥ ಚರ್ಚೆ! "ಕೊಟ್ಬಿಡೋಣ ಕಣಯ್ಯ, ಇಲ್ದಿದ್ರೆ ಫ್ರೆಂಚರು ಹೊಡ್ಕೊಂಡು ಹೋಗ್ತಾರೆ" ಎಂದು ಫಾರಂಟ್ ಅವರು. "ಇವತ್ತು ರೈಲಿನವ್ರಿಗೆ ಕೊಟ್ರೆ ನಾಳೆ ಹಡಗಿನವ್ರೂ ಬಾಗಿಲು ಬಡೀತಾರೆ" ಎಂದು ಕ್ರೂಡ್ಸನ್ ಅವರು. ಮಾಂಸದ ಪೈ ಖಾಲಿಯಾಗುವಷ್ಟರಲ್ಲಿ ಕೊಡಬಹುದೆಂಬ ಹಂತಕ್ಕೆ ಬಂದಿರಿ. ಆದರೆ ಅದನ್ನು 'ಸಹಾಯ' ಎನ್ನಬೇಕೋ 'ಪ್ರೋತ್ಸಾಹ' ಎನ್ನಬೇಕೋ ಎಂಬ ಸೂಕ್ಷ್ಮ ಎದುರಾಗಿ, ಅದಕ್ಕೊಂದು ಉಪಸಮಿತಿ ಬೇಕೆಂದು ಲಂಡನ್ನಿಗೆ ಮರಳಿದಿರಿ.

ಆ ಚರ್ಚೆಯ ಹೊತ್ತಿನಲ್ಲಿ ಅಡುಗೆಮನೆಯಲ್ಲಿ ಚಹಾ ಕುಡಿಯುತ್ತಿದ್ದ ಫಿಕ್ರೆತ್ ಬೇ ನನ್ನನ್ನು ಕೇಳಿದ್ದರು: "ಅಮ್ಮಾವ್ರೇ, ಒಳಗೆ ಏನು ಜಗಳ?"

"ಜಗಳ ಅಲ್ಲ ಸ್ವಾಮಿ, ಸರ್ಕಾರ ನಡೀತಿದೆ" ಎಂದೆ.

ಸಹಿ ಹಾಕಿ ಬೇಗ ಬಾ ಎಂದು ಅಂಕಾರಾದಿಂದ ಕರೆಯ ಮೇಲೆ ಕರೆ ಬರುತ್ತಿದ್ದರೂ ಆ ಸಜ್ಜನ ಭಾನುವಾರದವರೆಗೆ ಕಾದರು. ಅಂದು ವಾಲ್ಟರ್ ಈ ಅತಿಥಿಯನ್ನು ಕಾರ್ಖಾನೆಗೆ ಕರೆದೊಯ್ದು, ಹೊಸದಾಗಿ ಬಣ್ಣ ಹಚ್ಚಿದ ಮಾದರಿ ಬೋಗಿಯನ್ನು ತೋರಿಸಿದ. ಅವರು ಅದರ ಹೊಳಪಿನಲ್ಲಿ ಮೀಸೆ ತಿದ್ದಿಕೊಂಡು, "ಗಾಡಿ ನಿಮ್ದೇ ಚಂದ, ವಾಲ್ಟರಣ್ಣ. ಆದ್ರೆ ನಮ್ಮೋರು ಕೇಳಿದ್ರೆ ಏನು ಹೇಳ್ಲಿ? ಬಣ್ಣ ಒಣಗಿದೆ, ಮಾತು ಒಣಗಿಲ್ಲ ಅಂತ್ಲಾ?" ಎಂದರಂತೆ. ಮನೆಗೆ ಬಂದ ವಾಲ್ಟರ್ ಊಟ ಮಾಡಲಿಲ್ಲ. ಮರುದಿನ ಅತಿಥಿ ಪ್ಯಾರಿಸ್ಸಿಗೆ ಹೊರಟರು.

ತಮ್ಮ ಒಪ್ಪಿಗೆ, ತಮ್ಮ ಶುಭಾಶಯಗಳೊಂದಿಗೆ, ಫ್ರೆಂಚರ ಜೊತೆ ಸಹಿಯಾದ ಮೇಲೆ ಬಂತು. 'ಪ್ರೋತ್ಸಾಹ' ಎಂದೇ ಇತ್ತು. ಪದದ ಆಯ್ಕೆ ಅಮೋಘ. ಕಾರ್ಖಾನೆಯ ಹುಡುಗಿಯರು ಅದನ್ನು ಗಟ್ಟಿಯಾಗಿ ಓದಿಸಿಕೊಂಡು ನಕ್ಕರು, ಆಮೇಲೆ ಅತ್ತರು. ಬಣ್ಣದ ವಿಭಾಗಕ್ಕೆ ಬೀಗ ಬಿತ್ತು. ವಾಲ್ಟರ್ ಆ ವಸಂತವಿಡೀ ಹಿತ್ತಿಲ ಬೇಲಿಗೆ ಬಣ್ಣ ಹಚ್ಚಿದ; ಮುಗಿದ ಮೇಲೆ ಕೆರೆದು ಮತ್ತೆ ಹಚ್ಚಿದ. ನೋಡಲಾಗುತ್ತಿರಲಿಲ್ಲ.

ಹಾಗಿರುವಾಗ ಫಿಕ್ರೆತ್ ಬೇ ದೂರವಾಣಿಯಲ್ಲಿ ಕೂಗಿದರು: "ಅಮ್ಮಾವ್ರೇ, ಫ್ರೆಂಚ್ ಗಾಡಿ ಬಂತು, ಬಣ್ಣ ಆಗ್ಲೇ ಸಿಪ್ಪೆ ಏಳ್ತಿದೆ! ನಮ್ಮ ಹುಡುಗ್ರಿಗೆ ಕಲಿಸೋಕೆ ವಾಲ್ಟರಣ್ಣನ್ನ ಕಳಿಸ್ತೀರಾ?"

ನಾವು ಉಪಸಮಿತಿ ಮಾಡಲಿಲ್ಲ. ಕೆಟಲ್ಲಿನ ನೀರು ಕುದಿಯುವಷ್ಟರಲ್ಲಿ ಹೂಂ ಎಂದೆವು. ವಾಲ್ಟರ್ ಈಗ ಅಂಕಾರಾದಲ್ಲಿದ್ದಾನೆ; ನಾನು ಈ ವಾರ ಹೊರಡುತ್ತಿದ್ದೇನೆ. ಬೋಗಿಗಳನ್ನು ರಫ್ತು ಮಾಡಲಾಗದಿದ್ದರೇನಂತೆ, ಬಡ್ಡಿಯಿಲ್ಲ, ಸಾಲವಿಲ್ಲ, ಒಂದು ಪೆನ್ನಿಯ ಸಹಾಯಧನವೂ ಇಲ್ಲದೆ ಊರಿನ ಅತ್ಯುತ್ತಮ ಕೆಲಸಗಾರನನ್ನೇ ರಫ್ತು ಮಾಡಿದ ತಮ್ಮ ಜಾಣ್ಮೆಗೆ ಒಂದು ಪದಕ ಸಲ್ಲಬೇಕೆಂದು ವಿನಂತಿ.

ಹೊರಡುವ ಗಡಿಬಿಡಿಯಲ್ಲೂ ತಮ್ಮ ವಿಶ್ವಾಸಿಯಾಗಿಯೇ ಉಳಿದಿರುವ,
ಮಾಡ್ ಒಲೆರೆನ್‌ಶಾ

ಮರೆತ ಮಾತು: ಚರ್ಚೆ ಇನ್ನೂ ಬಾಕಿಯಿದ್ದರೆ ಮನೆಯ ಕೀಲಿಕೈ ಪಕ್ಕದ ಮಿಸೆಸ್ ಟ್ಯಾಟರ್ಸಲ್ ಅವರ ಬಳಿ ಇದೆ. ಅವರಿಗೆ ಕಿವಿ ಕೇಳಿಸುವುದಿಲ್ಲ. ತಮಗೆ ಅವರಿಗಿಂತ ಒಳ್ಳೆಯ ಆತಿಥೇಯರು ಸಿಗಲಾರರು.